ಮಗ್ಗ ನಿಂತ ಹೊತ್ತು

ಮೊನ್ನೆ ಬುಧವಾರ ಆರೋಗ್ಯ ಕೇಂದ್ರದ ಹೊಸ ಹುಡುಗಿ ಬನಹಟ್ಟಿಯ ನಮ್ಮ ಓಣಿಗೆ ಬಿಪಿ ನೋಡಲು ಬಂದಿದ್ದಳು. ನನ್ನ ತೋಳಿಗೆ ಪಟ್ಟಿ ಸುತ್ತಿದಾಗ ಬಿಸಿಲಿಗೆ ಕಾದ ರಬ್ಬರಿನ ವಾಸನೆ ಬಂತು... ಅದರ ಹಿಂದೆಯೇ ನಮ್ಮ ಹಳೆಯ ನರ್ಸಬಾಯಿ ನೆನಪಾದರು.

ನಾನು ಪಿಯುಸಿ ಓದುತ್ತಿದ್ದ ವರ್ಷ, 2009. ಅವರು ಪ್ರತಿ ಬುಧವಾರ ಮಧ್ಯಾಹ್ನ, ಕರೆಂಟ್ ತೆಗೆಯುವ ಹೊತ್ತಿಗೇ ಬರುತ್ತಿದ್ದರು. ನಮ್ಮ ಓಣಿಯಲ್ಲಿ ಮನೆಮನೆಗೂ ಪಾವರ್‌ಲೂಮ್. ಅವು ಓಡುವಾಗ ಎದುರಿಗೆ ಕೂತವರ ಮಾತೂ ಕೇಳಿಸುವುದಿಲ್ಲ. ಇನ್ನು ಕಿವಿಗೆ ನಳಿಗೆ ಹಚ್ಚಿಕೊಂಡು ತೋಳಿನ ನಾಡಿ ಕೇಳುವುದೆಲ್ಲಿ? "ಮಗ್ಗ ನಡದಾಗ ನೋಡಿದ್ರ ಅದು ನೋಡಿದಂಗಲ್ಲವ್ವಾ" ಎಂದು ಅವರೇ ನನಗೆ ಹೇಳಿಕೊಟ್ಟಿದ್ದರು.

"ಬಾಯಾರ, ಕರೆಂಟಿನವರು ನಿಮ್ಮ ಬೀಗರೇನ್ರಿ? ನೀವು ಬಂದ ಕೂಡ್ಲೆ ಹೋಗತೈತಿ!" ಎಂದು ಅಪ್ಪ ಚಾಷ್ಟಿ ಮಾಡುತ್ತಿದ್ದ.

"ನಿಮ್ಮ ಮಗ್ಗದ ಬಾಯಿ ಮುಚ್ಚಸಾಕ ಮತ್ಯಾರ ಅದಾರ್ರೀ ಅಣ್ಣಾರ?"

ಅವ್ವ ಅವರಿಗೆ ಉಣಿಸದೆ ಕಳಿಸುತ್ತಿರಲಿಲ್ಲ.

ಶ್ರಾವಣದಲ್ಲಿ ಅಪ್ಪನ ಬಿಪಿ ನೋಡಿ ಅವರ ಮುಖ ಸಣ್ಣದಾಯಿತು. "ತುಸು ಹೆಚ್ಚೈತ್ರಿ. ಇನ್ನೊಮ್ಮೆ ನೋಡಿ ಖರೆ ಹೇಳತೇನಿ. ಅಲ್ಲೀತನಕ ಉಪ್ಪಿನಕಾಯಿ ಬಿಡ್ರಿ." ಅಪ್ಪ ಬಿಟ್ಟ. ಮುಂದಿನ ಬುಧವಾರ ಕಾದ, ಅದರ ಮುಂದಿನದೂ. ಆಮೇಲೆ ಅವರು ಬಂದದ್ದು ಒಂದು ಶುಕ್ರವಾರ ಸಂಜೆ. ಓಣಿಯ ಮಗ್ಗಗಳೆಲ್ಲ ಧಡಧಡ ಓಡುತ್ತಿದ್ದವು. ಅಪ್ಪ ನಮ್ಮವನ್ನಾದರೂ ನಿಲ್ಲಿಸಲು ಎದ್ದ. ಅವರು ಬೇಡವೆಂದು ಕೈ ಮಾಡಿದರು. ಪಟ್ಟಿ ಸುತ್ತಿದರು, ಗಾಳಿ ತುಂಬಿದರು, ಬಿಟ್ಟರು. "ಛಲೋ ಐತ್ರಿ ಅಣ್ಣಾರ!" ಎಂದು ಕೂಗಿ ಹೇಳಿದರು. 'ಅಪ್ಪ: ನಾರ್ಮಲ್' ಎಂದು ದಿನಚರಿಯಲ್ಲಿ ಬರೆದೆ. ಊಟಕ್ಕೆ ಕೂತಾಗ ಉಪ್ಪಿನಕಾಯಿ ಭರಣಿಯನ್ನು ಅಪ್ಪ ತಾನೇ ಇಳಿಸಿಕೊಂಡ.

ದೀಪಾವಳಿಗೆ ಮೊದಲು, ಎಳೆ ಕೂಡಿಸುತ್ತಿದ್ದ ಅವನ ಬಲಗೈ ಜೋತುಬಿತ್ತು. ಲಕ್ವಾ. ಜಮಖಂಡಿಯ ಡಾಕ್ಟರು "ಬಿಪಿ ಗುಳಗಿ ತೊಗೋತಿದ್ರೇನು?" ಎಂದು ಕೇಳಿದರು. "ನೋಡಿಸಿದ್ವಿರಿ, ಛಲೋ ಇತ್ತು" ಎಂದಳು ಅವ್ವ. ಆಗ ನನ್ನ ಕಿವಿಯಲ್ಲಿ ಆ ಶುಕ್ರವಾರದ ಮಗ್ಗಗಳು ಓಡತೊಡಗಿದವು...

ನಾನು ನರ್ಸಬಾಯಿ ಇರುತ್ತಿದ್ದ ಆರೋಗ್ಯ ಉಪಕೇಂದ್ರಕ್ಕೆ ಹೋದೆ. "ಅವತ್ತ ನಿಮಗೇನರೆ ಕೇಳಿಸಿತ್ತೇನ್ರಿ ಬಾಯಾರ?"

ಅವರು ಔಷಧಿ ಕಪಾಟಿನ ಕದ ತೆರೆದು ತೋರಿಸಿದರು. "ಸರಕಾರದ ಗುಳಗಿ ಬಂದಿರಲಿಲ್ಲವ್ವಾ. ಹೆಚ್ಚೈತಿ ಅಂದು ನಿಮ್ಮಪ್ಪಗ ಏನ ಕೊಡ್ಲಿ? ಮಗ್ಗ ನಡದಾಗ ಬಂದ್ರ ಕೇಳಸೂದಿಲ್ಲ, ಕೇಳಿಸದಿದ್ರ ಸುಳ್ಳ ಹೇಳಿದಂಗ ಆಗೂದಿಲ್ಲ ಅಂತ..."

ಔಷಧಿ ಅಂಗಡಿ ನಮ್ಮ ಓಣಿಯ ತಿರುವಿನಲ್ಲೇ ಇತ್ತು. ಹೆಚ್ಚೇ ಇದೆ ಎಂದು ಆ ಶುಕ್ರವಾರ ಒಂದು ಮಾತು ಹೇಳಿದ್ದರೆ ಡಾಕ್ಟರ ಹತ್ತಿರ ಬರೆಸಿಕೊಂಡು ನಾವೇ ಕೊಳ್ಳುತ್ತಿದ್ದೆವು. ಗುಳಗಿ ಬಾರದ್ದು ಅವರ ತಪ್ಪಲ್ಲ, ಅಷ್ಟು ನನಗೂ ತಿಳಿಯುತ್ತಿತ್ತು. ಆದರೆ ನಮ್ಮನ್ನು ಕೇಳದೆ, ನಮ್ಮ ಪರವಾಗಿ ಅವರೇ ಕೈಚೆಲ್ಲಿದ್ದರು.

ಮರುವರ್ಷ ಅವರಿಗೆ ಬೀಳಗಿ ಕಡೆ ವರ್ಗವಾಯಿತು. ಹೋಗುವಾಗ ನಮ್ಮ ಮನೆಗೆ ಬರಲಿಲ್ಲ. ಅಪ್ಪ ಎಡಗೈಯಲ್ಲಿ ಉಣ್ಣಲು ಕಲಿತು, ಎರಡು ವರ್ಷ ಇದ್ದು ಹೋದ. ಕೊನೆಯವರೆಗೂ ಬುಧವಾರ ಕರೆಂಟ್ ಹೋದರೆ ಬಾಗಿಲ ಕಡೆ ನೋಡುತ್ತಿದ್ದ. ಅವನಿಗೆ ನಾನು ಏನೂ ಹೇಳಿರಲಿಲ್ಲ.

"ನಾರ್ಮಲ್ ಐತ್ರಿ ಅಕ್ಕಾರ," ಎಂದಳು ಮೊನ್ನೆ ಬಂದ ಹುಡುಗಿ. ಹೊರಗೆ ಮಗ್ಗಗಳು ಓಡುತ್ತಿದ್ದವು.

"ಮಗ್ಗ ನಿಂತ ಮ್ಯಾಲ ಇನ್ನೊಮ್ಮೆ ನೋಡವ್ವಾ."

"ಇದು ಬ್ಯಾಟರಿ ಮಷಿನ್ರಿ, ಇದಕ್ಕ ಕಿವಿ ಬೇಕಾಗಿಲ್ಲ," ಎಂದು ನಕ್ಕಳು.

ಅದು ನನಗೂ ಗೊತ್ತಿತ್ತು. ಆದರೂ ಕರೆಂಟ್ ಹೋಗುವವರೆಗೆ ಕೈ ಚಾಚಿಕೊಂಡೇ ಕೂತಿದ್ದೆ.