ಕಂಪ್ಯೂಟರಿನ ಮುಂದಿಟ್ಟ ಬೆಲ್ಲ-ನೀರು

ಮದ್ರಾಸಿನ ಕೋಯಂಬೇಡು ಮಾರ್ಕೆಟ್ಟಿನಲ್ಲಿ ಇವತ್ತು ಹೊಸ ಬೆಲ್ಲದ ಘಮ ಬಂತು, ಅಜ್ಜಿ ನೆನಪಾದರು.

ನನ್ನ ಬಾಲ್ಯದಲ್ಲಿ ಅಪ್ಪ ಇಲ್ಲೇ ರಾಯಪುರಂನ ಹೋಟೆಲಿನಲ್ಲಿ ಸಪ್ಲೈಯರ್. ಕುಂದಾಪುರದ ಹತ್ತಿರದ ನಮ್ಮೂರ ಹಾಲಿನ ಡೈರಿಗೆ ಬ್ರಾಡ್‌ಬ್ಯಾಂಡ್ ಬಂದಾಗ, ಅಲ್ಲಿನವರು "ಬನ್ನಿ, ಕಂಪ್ಯೂಟರಿನಲ್ಲಿ ಮದ್ರಾಸಿನ ಮಗನನ್ನು ತೋರಿಸ್ತೇವೆ" ಅಂತ ಅಜ್ಜಿಯನ್ನು ಒಪ್ಪಿಸಿದ್ದರು. ಇಲ್ಲಿ ಅಪ್ಪ ನನ್ನನ್ನು ಇಂಟರ್‌ನೆಟ್ ಸೆಂಟರಿಗೆ ಕರೆದೊಯ್ದರು.

ತೆರೆಯ ಮೇಲೆ ಅಜ್ಜಿಯ ಮೂಗುಬೊಟ್ಟು ಮಿನುಗಿತು! ನಾನು ಉಸಿರು ಬಿಡುವುದನ್ನೇ ಮರೆತೆ. ಅಜ್ಜಿಯೋ, ನಮ್ಮನ್ನು ಕಂಡದ್ದೇ ಎದ್ದು ಹೋದರು.

"ಅಜ್ಜಿ ಹೆದರಿದ್ರಾ, ಅಪ್ಪ?"

ಸ್ವಲ್ಪ ಹೊತ್ತಿಗೆ ಅಜ್ಜಿ ಒಂದು ಲೋಟ ನೀರು, ಬೆಲ್ಲದ ತುಂಡು ತಂದು ಕಂಪ್ಯೂಟರಿನ ಮುಂದಿಟ್ಟರು.

"ಅಷ್ಟ್ ದೂರದಿಂದ ಬಂದಿರಿ, ಮೊದ್ಲು ಬೆಲ್ಲ-ನೀರು ತಕಣಿ."

ದಿನವಿಡೀ ಊರಿಗೆಲ್ಲ ಬಡಿಸುವ ಅಪ್ಪ, ತೆರೆಯೆದುರು ಕೈಯೊಡ್ಡಿದರು.

ಈಗಲೂ ಫೋನಿನಲ್ಲಿ ಯಾರ ಮುಖ ಮೂಡಿದರೂ, ಪಾಪ, ಬಾಯಾರಿರಬೇಕು ಅನಿಸುತ್ತದೆ.