ಗೋಡೆಯಾಚೆಯ ಜೆಡ್ ಡ್ರೈವ್

ಕೊಟ್ಟೂರಿನ ಪೇಟೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ, ಗೃಹಪ್ರವೇಶ, ನಾಮಕರಣದ ಪತ್ರಿಕೆಗಳನ್ನು ಟೈಪ್ ಮಾಡಿ, ಅಂದವಾಗಿ ಜೋಡಿಸಿ, ಮುದ್ರಿಸಿ ಕೊಡುವುದು ನನ್ನ ಕೆಲಸ. ಹನ್ನೊಂದು ವರ್ಷ ಪಕ್ಕದ ಮಳಿಗೆಯಲ್ಲಿ ಅವಳಿದ್ದಳು. ನನಗಿಂತ ಆರೇಳು ವರ್ಷ ಚಿಕ್ಕವಳು. ಗಂಡ ಲಾರಿ ಮೆಕ್ಯಾನಿಕ್. ಕನ್ನಡದ ಅಕ್ಷರ ನನ್ನದು, ಉರ್ದುವಿನದು ಅವಳದು. ಮುಸಲ್ಮಾನರ ಮನೆಯ ಮದುವೆ ಪತ್ರಿಕೆಗೆ ಎರಡೂ ಭಾಷೆ ಬೇಕಾಗುತ್ತಿತ್ತು. ಹಾಗಾಗಿ ಒಂದೇ ಪತ್ರಿಕೆ ದಿನಕ್ಕೆ ನಾಲ್ಕು ಸಲ ಅವಳ ಅಂಗಡಿಯಿಂದ ನನ್ನ ಅಂಗಡಿಗೆ ಓಡಾಡಬೇಕಿತ್ತು.

ಪೆನ್‌ಡ್ರೈವ್ ಹಿಡಿದು ಓಡಾಡಿ ಅವಳಿಗೆ ಬೇಸರ ಬಂತು. ಒಂದು ದಿನ ಗಂಡನ ಡ್ರಿಲ್ ತಂದು ನಡುಗೋಡೆಗೆ ತೂತು ಕೊರೆದು, ಕೇಬಲ್ ಎಳೆದು, ಅವಳ ಕಂಪ್ಯೂಟರಿನ ಒಂದು ಫೋಲ್ಡರ್ ನನ್ನ ಕಂಪ್ಯೂಟರಿನಲ್ಲಿ ಜೆಡ್ ಡ್ರೈವ್ ಎಂದು ಕಾಣುವಂತೆ ಮಾಡಿದಳು. ನನ್ನ ಫೋಲ್ಡರ್ ಅವಳ ಕಡೆಯೂ ಹಾಗೆಯೇ. ನಾನು ಇಲ್ಲಿ ಕೂತು ಜೆಡ್ ತೆರೆದರೆ ಅವಳ ಪತ್ರಿಕೆಗಳು. ಅದರೊಳಗೆ ‘ಇವತ್ತು’ ಎನ್ನುವ ಒಂದು ನೋಟ್‌ಪ್ಯಾಡ್ ಫೈಲ್ ಇಟ್ಟಿದ್ದಳು. ಬುತ್ತಿಯಲ್ಲಿ ಏನಿದೆ ಎಂದು ಇಬ್ಬರೂ ಬರೆಯಬೇಕು. ಪುಂಡಿಪಲ್ಯ ಎಂದು ನಾನು ಬರೆದ ದಿನ, ಮಧ್ಯಾಹ್ನ ಎರಡಕ್ಕೆ ಅವಳು ಡಬ್ಬಿ ಹಿಡಿದು ನನ್ನ ಬಾಗಿಲಲ್ಲಿರುತ್ತಿದ್ದಳು.

ಈ ಜೋಡಣೆಗೆ ಒಂದು ಕಾಟವಿತ್ತು. ಅವಳ ಕಂಪ್ಯೂಟರ್ ಆರಿದ್ದರೆ ನನ್ನದು ನಡೆಯುತ್ತಿರಲಿಲ್ಲ, ನನ್ನದು ಆರಿದ್ದರೆ ಅವಳದು. ಫೈಲ್ ತೆರೆಯಲು ಹೋದರೆ ಪರದೆ ಬಿಳುಚಿಕೊಂಡು, ಒಂದು ನೀಲಿ ಬಳೆ ಗಿರಗಿರನೆ ಸುತ್ತುತ್ತ, ಒಂದು ನಿಮಿಷ, ಕೆಲವೊಮ್ಮೆ ಎರಡು ನಿಮಿಷ ಎಲ್ಲವೂ ನಿಂತುಬಿಡುತ್ತಿತ್ತು. ಅದಕ್ಕೆ ನಾವೇ ಒಂದು ಪದ್ಧತಿ ಮಾಡಿಕೊಂಡೆವು. ಒಬ್ಬರ ಅಂಗಡಿಯ ಇನ್ನೊಂದು ಕೀಲಿ ಇನ್ನೊಬ್ಬರ ಹತ್ತಿರ. ಮೊದಲು ಬಂದವರು ಎರಡೂ ಅಂಗಡಿ ತೆಗೆದು ಎರಡೂ ಕಂಪ್ಯೂಟರ್ ಹಚ್ಚಬೇಕು. ಸೋಮವಾರ ನಾನು ಗುಡಿಗೆ ಹೋಗಿ ಬರುವುದು ತಡವಾಗುತ್ತಿತ್ತು. ಬರುವಷ್ಟರಲ್ಲಿ ನನ್ನ ಅಂಗಡಿ ಗುಡಿಸಿ, ಕಂಪ್ಯೂಟರ್ ಹಚ್ಚಿ, ಊದಿನಕಡ್ಡಿಯನ್ನೂ ಹಚ್ಚಿಟ್ಟಿರುತ್ತಿದ್ದಳು. ಶುಕ್ರವಾರ ಅವಳಿಗೆ ಮನೆಯ ಅಡುಗೆ ಹೆಚ್ಚು; ಅವಳ ಶಟರ್ ನಾನು ಎತ್ತುತ್ತಿದ್ದೆ. ಅವಳ ಕುರ್ಚಿಯ ಮೇಲೆ ಮಡಿಸಿಟ್ಟ ಹಸಿರು ಟವೆಲ್, ಮೌಸಿನ ಪಕ್ಕ ಅರ್ಧ ಹರಿದ ಸೋಂಪಿನ ಪೊಟ್ಟಣ. ಒಂದು ನಿಮಿಷದ ಕೆಲಸಕ್ಕೆ ನಾನು ಹತ್ತು ನಿಮಿಷ ನಿಲ್ಲುತ್ತಿದ್ದೆ.

ಹೋದ ಮಳೆಗಾಲದಲ್ಲಿ ಅವಳ ಗಂಡನಿಗೆ ಹರಪನಹಳ್ಳಿಯಲ್ಲಿ ಒಳ್ಳೆಯ ಗ್ಯಾರೇಜ್ ಸಿಕ್ಕಿತು. ಮನೆ, ಅಂಗಡಿ ಎರಡೂ ಅಲ್ಲಿಗೆ ಹೋದವು. ಕಂಪ್ಯೂಟರನ್ನು ಹಳೆಯ ಸೀರೆಯಲ್ಲಿ ಸುತ್ತಿ ಟಂಟಂ ಗಾಡಿಯಲ್ಲಿ ತನ್ನ ತೊಡೆಯ ಮೇಲೆಯೇ ಇಟ್ಟುಕೊಂಡು ಕೂತಳು. ‘ಇಲ್ಲೇ ಅರ್ಧ ತಾಸಿನ ಹಾದಿ ಅಕ್ಕಾ,’ ಎಂದಳು. ಬಸ್ಸಿಗೆ ಒಂದು ತಾಸಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

ಮರುದಿನದಿಂದ ನನ್ನ ಕಂಪ್ಯೂಟರ್ ನಿಲ್ಲತೊಡಗಿತು. ಹಚ್ಚಿದಾಗ ನಿಲ್ಲುತ್ತಿತ್ತು, ಫೈಲ್ ಉಳಿಸಲು ಹೋದರೆ ನಿಲ್ಲುತ್ತಿತ್ತು. ಹಗರಿಬೊಮ್ಮನಹಳ್ಳಿಯಿಂದ ರಿಪೇರಿಯವರನ್ನು ಕರೆಸಿದೆ. ಡಬ್ಬಿ ಬಿಚ್ಚಿ ಧೂಳು ಊದಿ, ಮತ್ತೆ ಮುಚ್ಚಿ, ಪರದೆಯಲ್ಲಿ ಅದು ಇದು ತೆಗೆದು ನೋಡಿದರು.

‘ಇದೇನ್ರಿ ಅಕ್ಕಾರ, ಜೆಡ್ ಅಂತ ಒಂದು ಐತಿ, ಅದರ ಮ್ಯಾಲೆ ಕೆಂಪು ಗುರುತು?’

‘ಅದು ಪಕ್ಕದ ಅಂಗಡೀದ್ರಿ.’

‘ಪಕ್ಕದಾಗ ಬಳೆ ಅಂಗಡಿ ಐತಲ್ರಿ!’

‘ಮೊದ್ಲು ಇತ್ತು.’

‘ಹಂಗಾರ ಇದಾ ನೋಡ್ರಿ ರೋಗ. ಇಲ್ಲದ ಮಷಿನ್ನ ಹುಡುಕ್ಕೋಂತ ಕುಂತೈತಿ. ಅದು ಸಿಗಂಗಿಲ್ಲ, ಇದು ಬಿಡಂಗಿಲ್ಲ. ತೆಗೆದ್ಬಿಡ್ಲೇನ್ರಿ?’

‘ಬ್ಯಾಡ್ರಿ,’ ಎಂದೆ. ನನಗೇ ಅಚ್ಚರಿಯಾಗುವಷ್ಟು ಜೋರಾಗಿ ಎಂದೆ.

ಅವರು ಮೌಸ್ ಬಿಟ್ಟು ನನ್ನ ಮುಖ ನೋಡಿದರು. ಅದರಲ್ಲಿ ನನ್ನ ಫೈಲ್‌ಗಳಿವೆ, ಕೇಳಿ ಹೇಳುತ್ತೇನೆ ಎಂದು ಏನೋ ಸಮಜಾಯಿಷಿ ಕೊಟ್ಟು, ಚಹಾ ಕುಡಿಸಿ ಕಳಿಸಿದೆ. ನಿಜ ಬೇರೆಯಿತ್ತು. ಜೆಡ್ ಹೋದರೆ ನನ್ನ ಕಂಪ್ಯೂಟರಿನಲ್ಲಿ ಅವಳ ಗುರುತು ಒಂದೂ ಉಳಿಯುವುದಿಲ್ಲ. ಕೆಂಪು ಗುರುತಿನದಾದರೂ ಇರಲಿ ಎನಿಸಿತು. ಆಮೇಲೆ ಪರದೆ ಬಿಳುಚಿಕೊಂಡಾಗಲೆಲ್ಲ, ಆ ಒಂದು ನಿಮಿಷ ಕೈ ಕಟ್ಟಿ ಕೂತು ಗೋಡೆಯ ಕಡೆ ನೋಡುವುದು ನನಗೆ ರೂಢಿಯೇ ಆಯಿತು. ಗಿರಾಕಿಗಳಿಗೆ ಆಗಬೇಕಲ್ಲ?

ಒಂದು ಬೆಳಿಗ್ಗೆ ಹಂಪಸಾಗರದಿಂದ ಹಿರಿಯರೊಬ್ಬರು ಮೊಮ್ಮಗಳ ನಾಮಕರಣದ ಪತ್ರಿಕೆಗೆ ಬಂದರು. ಅವರು ಮನೆಯವರ ಹೆಸರುಗಳನ್ನು ಒಂದೊಂದಾಗಿ ನೆನಪಿಸಿಕೊಂಡು ಹೇಳಿದರು, ನಾನು ಟೈಪ್ ಮಾಡಿದೆ. ಅತ್ತೆ, ಮಾವ, ಸೋದರತ್ತೆ, ದೊಡ್ಡಪ್ಪನ ಮಕ್ಕಳು, ಯಾರೂ ಬಿಟ್ಟುಹೋಗಬಾರದು. ಉಳಿಸಲು ಒತ್ತಿದೆ. ಪರದೆ ಬಿಳುಪಾಯಿತು. ಎರಡು ನಿಮಿಷವಾಯಿತು, ನಾಲ್ಕಾಯಿತು.

‘ಏನವ್ವಾ, ನಿನ್ ಕಂಪ್ಯೂಟರು ಧ್ಯಾನಕ್ಕ ಕುಂತೈತೇನು?’

‘ಈಗ ಏಳ್ತೈತ್ರಿ ಅಜ್ಜಾರ.’

ಏಳಲಿಲ್ಲ. ಕೊನೆಗೆ ಗುಂಡಿ ಒತ್ತಿ ಆರಿಸಿ ಮತ್ತೆ ಹಚ್ಚಬೇಕಾಯಿತು. ಬರೆದದ್ದೆಲ್ಲ ಹೋಗಿತ್ತು. ಅಜ್ಜ ಮತ್ತೆ ಮೊದಲಿನಿಂದ ನೆನಪಿಸಿಕೊಳ್ಳತೊಡಗಿದರು. ಅಷ್ಟರಲ್ಲಿ ಅವರ ಬಸ್ಸು ಹೋಗಿತ್ತು.

‘ಹೋಗ್ಲಿ ಬಿಡವ್ವಾ, ಈಗೊಂದು ಹೆಸರು ನೆನಪಾತು. ನಮ್ಮ ತಂಗೀದು ಬಿಟ್ಟಿದ್ನಿ. ಆಕಿ ಜಗಳಕ್ಕ ಬರ್ತಿದ್ಲು,’ ಎಂದರು. ಒಳ್ಳೆಯ ಮನುಷ್ಯ. ಆದರೆ ಮುಂದಿನ ಬಸ್ಸು ಬರುವ ತನಕ ಬಿಸಿಲಲ್ಲಿ ಟವೆಲ್ ತಲೆಗೆ ಹಾಕಿಕೊಂಡು ಕೂತಿದ್ದರು. ನನ್ನ ಹಟಕ್ಕೆ ಅವರು ಯಾಕೆ ಕಾಯಬೇಕು? ಅವರು ಹೋದ ಮೇಲೆ ಅವಳಿಗೆ ಫೋನ್ ಮಾಡಿದೆ.

‘ನನ್ ಕಂಪ್ಯೂಟರ್ ನಿಂದ್ರಾಕತ್ತೈತಲೇ ತಂಗಿ. ಜೆಡ್ ಹುಡುಕ್ತೈತಂತ.’

‘ಅಯ್ಯಾ ಅಕ್ಕಾ, ಇನ್ನಾ ತೆಗ್ದಿಲ್ಲೇನು? ನಾ ಇಲ್ಲಿ ಬಂದ ವಾರದಾಗ ನಿಂದು ತೆಗ್ದೆ.’

ಆ ಕಡೆ ಒಗ್ಗರಣೆ ಚಟಪಟ ಎನ್ನುತ್ತಿತ್ತು. ಅವಳು ಒಲೆ ಸಣ್ಣ ಮಾಡಿದ ಸದ್ದು ಕೇಳಿಸಿತು.

‘ಸಿಟ್ಟಾತೇನು? ಕೆಲ್ಸ ನಿಂತಿತ್ತಕ್ಕಾ. ಹೊಸ ಊರು, ಹೊಸ ಗಿರಾಕಿ. ಅದು ನಿಂತಾಗೆಲ್ಲ ನಿನ್ ಹೆಸರು ಕಾಣ್ತಿತ್ತು, ಅಳು ಬರ್ತಿತ್ತು. ಮಂದಿ ಮುಂದ ಅತ್ಕೋಂತ ಕುಂದ್ರಾಕ ಆಗ್ತೈತೇನು?’

‘ಹಂಗಾರ ತೆಗಿಯಾಕ ಬರ್ತಿತ್ತೇನು ಮೊದ್ಲಿಂದ?’

‘ಬರ್ತಿತ್ತಲ್ಲ.’

‘ಹನ್ನೊಂದು ವರ್ಷ ದಿನಾ ಒಬ್ರದೊಬ್ರು ಹಚ್ಚಿದ್ವಲ್ಲೇ! ಒಂದ್ಸಲಾನೂ ಹೇಳ್ಲಿಲ್ಲ?’

ಅವಳು ನಕ್ಕಳು. ‘ಗೊತ್ತಿತ್ತಕ್ಕಾ. ನಾವಿಬ್ರೂ ಬಂದ ಮ್ಯಾಲೆ ಬೇಕಾದಾಗ ಅಷ್ಟಾ ಜೋಡ್ಸಿದ್ರೂ ನಡೀತಿತ್ತು. ಹಂಗ ಮಾಡಿದ್ರ ಶುಕ್ರವಾರ ನನ್ನಂಗಡಿ ಬಾಗ್ಲು ನೀ ಯಾಕ ತೆಗಿತಿದ್ದಿ?’

ಆಮೇಲೆ ಅವಳೇ ಹೇಳಿಕೊಟ್ಟಳು. ಕಂಪ್ಯೂಟರಿನ ಚಿತ್ರ ತೆರೆ, ಜೆಡ್ ಮೇಲೆ ಬಲಗಡೆಯ ಗುಂಡಿ ಒತ್ತು, ಕೆಳಗೆ ‘ಡಿಸ್‌ಕನೆಕ್ಟ್’ ಅಂತ ಐತಿ ನೋಡು. ಬೆರಳು ಅಲ್ಲೇ ನಿಂತಿತು. ‘ಒತ್ತಿದೇನು?’ ಎಂದಳು. ‘ಹೂಂ,’ ಎಂದು ಸುಳ್ಳು ಹೇಳಿದೆ. ‘ಸುಳ್ಳಿ. ಒತ್ತಕ್ಕಾ, ನಾನಾ ಹೇಳಾಕತ್ತೀನಲ್ಲ,’ ಎಂದಳು. ಒತ್ತಿದೆ. ಜೆಡ್ ಹೋಯಿತು.

ಆದರೂ ಮುಂದಿನ ಫೈಲ್ ತೆರೆಯುವಾಗ ಮತ್ತೆ ನಿಂತಿತು. ಪರದೆಯ ಮೂಲೆಯಲ್ಲಿ ಅವಳ ಫೋಲ್ಡರಿಗೆ ಒಂದು ಶಾರ್ಟ್‌ಕಟ್ ಇತ್ತು, ಅದನ್ನೂ ಅಳಿಸಲು ಹೇಳಿದಳು. ಅಳಿಸಿದೆ. ಅಜ್ಜನ ಪತ್ರಿಕೆ ತೆರೆದು ಉಳಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು. ನನ್ನ ಕೈ ಮಾತ್ರ ರೂಢಿಯಂತೆ ಕಟ್ಟಿಕೊಂಡಿತ್ತು.

‘ಆತೇನು?’

‘ಆತು.’

‘ನಿನ್ ಹಳೇ ಡಿಸೈನೆಲ್ಲ ಇಲ್ಲೇ ನನ್ನ ಹತ್ರ ಅದಾವಕ್ಕಾ. ಇವತ್ತಾ ಮೇಲ್ ಮಾಡ್ತೀನಿ.’

‘ಬ್ಯಾಡ. ದೊಡ್ಡ ಫೈಲು, ಬರೋದಿಲ್ಲ. ಭಾನುವಾರ ನಾನಾ ಬಂದು ಪೆನ್‌ಡ್ರೈವಿಗೆ ಹಾಕ್ಕೊಂತೀನಿ.’

‘ಯಾವ ಬಸ್ಸಿಗೆ ಬರ್ತಿ?’

‘ಮೊದಲ್ನೇದಕ್ಕ. ಸಂಜಿಗೆ ವಾಪಸ್ಸು.’

‘ಹತ್ತು ನಿಮಿಷದ ಕೆಲ್ಸಕ್ಕಾ ಅದು.’

‘ನಿನ್ ಮಷಿನ್ನು ನಿಧಾನ ಐತಿ ಅಂತ ತಿಳ್ಕೋ,’ ಎಂದೆ.

‘ಬಾಳ ನಿಧಾನ ಐತಕ್ಕಾ,’ ಎಂದಳು.