ಗುದ್ದಕ್ಕನ ಬೀಳೋ ಪಾಠ

ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ವ್ಯಾಯಾಮ ಮಾಡಿಸೋ ಆಕೆಗೆ ಮಕ್ಕಳೇ ಇಟ್ಟ ಹೆಸರು ಗುದ್ದಕ್ಕ. ಒಂದು ಕಾಲಕ್ಕೆ ಬಾಕ್ಸಿಂಗ್ ಆಡಿ ಮೂಗು ಸೊಟ್ಟ ಮಾಡಿಕೊಂಡವಳು. ಮಾತೂ ಅಷ್ಟೇ, ನಯನಾಜೂಕು ಗೊತ್ತಿಲ್ಲ. ಯಾರಾದರೂ ನೆಂಟರು ಬಾಗಿಲಲ್ಲಿ ನಿಂತು "ಅಯ್ಯೋ ಪಾಪ" ಅಂತ ಲೊಚಗುಟ್ಟಿದರೆ, "ಪಾಪಗೀಪ ಎಲ್ಲ ಚಪ್ಪಲಿ ಜೊತೆ ಹೊರಗೆ ಬಿಟ್ಟು ಬನ್ನಿ" ಅಂದುಬಿಡೋಳು.

ರಕ್ತದ ರಿಪೋರ್ಟ್ ನೋಡಿ ಡಾಕ್ಟರು ಹೂಂ ಅಂದ ದಿನ ಮಾತ್ರ ಅವಳ ಪಾಠ. ಎರಡೂ ಕೈಗೆ ದಪ್ಪ ಪ್ಯಾಡ್ ಸಿಗಿಸಿಕೊಂಡು ನಿಲ್ಲೋಳು. ಮಕ್ಕಳು ಗ್ಲೌಸ್ ತೊಟ್ಟು, ಸೂಜಿಗೊಂದು, ವಾಂತಿಗೊಂದು, ಉದುರಿದ ಕೂದಲಿಗೊಂದು ಅಂತ ಬೈದುಕೊಂಡು ಗುದ್ದಬೇಕು. ಆಮೇಲೆ ಬೀಳೋ ಪಾಠ. ಮೊಣಕಾಲೂರಿ ನಿಂತವರ ಹೆಗಲಿಗೆ ಪ್ಯಾಡ್ ಒತ್ತಿ ಮೆತ್ತನೆ ಮ್ಯಾಟಿನ ಮೇಲೆ ತಳ್ಳೋಳು. ಏಳೋದು ಅವರವರ ಪಾಡು. ಕೈ ಕೊಡೋ ಮಾತೇ ಇಲ್ಲ.

ಲಾರಿ ಡ್ರೈವರನ ಮಗಳಿಗೆ ಏಳೋದೊಂದು ಆಗುತ್ತಲೇ ಇರಲಿಲ್ಲ. ಹದಿನಾಲ್ಕರ ಹುಡುಗಿ. ಔಷಧಿ, ಹಾಸಿಗೆ ಎರಡೂ ಸೇರಿ ಕಾಲು ಕಡ್ಡಿಯಾಗಿದ್ದವು. ಬಚ್ಚಲಿಗೂ ಅಪ್ಪನೇ ಎತ್ತಿಕೊಂಡು ಹೋಗಬೇಕು, ಅವಳಿಗೋ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದಾ ಅನ್ನಿಸೋದು. "ಅಕ್ಕಾ, ನಾನೇ ಎದ್ದು ಬಚ್ಚಲಿಗೆ ಹೋಗಬೇಕು. ಅಷ್ಟು ಮಾಡಿಸು ಸಾಕು" ಅಂದಿದ್ದಳು. ಅಪ್ಪನದು ಒಂದೇ ಹಾಡು: "ಮಲಕ್ಕೋ ಮಗಳೇ, ಶಕ್ತಿ ಉಳಿಸ್ಕೋ." ಅದಕ್ಕೇ ತಾಯಿಯನ್ನು ಒಪ್ಪಿಸಿ, ಅವನು ಊಟಕ್ಕೆ ಹೋದ ಹೊತ್ತಿನಲ್ಲಿ ಪಾಠ ನಡೆಯುತ್ತಿತ್ತು.

ಅವತ್ತು ಅವನು ಫೋನ್ ಮರೆತು ವಾಪಸ್ ಬಂದ. ಬಾಗಿಲು ತೆಗೆದರೆ ಕಂಡಿದ್ದೇನು? ಸೊಟ್ಟ ಮೂಗಿನವಳು ಮಗಳನ್ನು ದಬ್ಬಿದಳು, ಮಗಳು ಬಿದ್ದಳು.

ಕೇಳೋದಿಲ್ಲ, ಗೀಳೋದಿಲ್ಲ. ನುಗ್ಗಿದವನೇ ಗುದ್ದಕ್ಕನ ಜುಟ್ಟು ಹಿಡಿದು ತಲೆಯನ್ನು ಗೋಡೆಗೆ ಅಪ್ಪಳಿಸಿದ. "ಸಾಯೋ ಮಗೂನ ಹೊಡೀತೀಯೇನೇ ರಾಕ್ಷಸಿ!" ತುಟಿ ಸೀಳಿತು. ಮತ್ತೆ ಅಪ್ಪಳಿಸಿದ, ಹಲ್ಲೊಂದು ಕಳಚಿ ನೆಲಕ್ಕೆ ಬಿತ್ತು. ಗುದ್ದಕ್ಕ ಸುಮ್ಮನೆ ಬಿಟ್ಟಾಳೆಯೇ? ಪ್ಯಾಡ್ ಕಿತ್ತೆಸೆದು ಕೊಟ್ಟಳು ನೋಡಿ ಒಂದು, ಅವನ ಮೂಗು ಲಟಕ್ ಅಂತು. ಗೋಡೆ ಮೇಲೆಲ್ಲ ರಕ್ತ. ಅವನು ಹುಚ್ಚು ಹಿಡಿದವನ ಹಾಗೆ ಬಾಟಲಿ ನೇತುಹಾಕೋ ಕಬ್ಬಿಣದ ಸ್ಟ್ಯಾಂಡನ್ನೇ ಅವಳ ತಲೆಗೆ ಎತ್ತಿದ.

ಅಷ್ಟರಲ್ಲಿ ಅವನ ಹೊಟ್ಟೆಗೊಂದು ಗುದ್ದು ಬಿತ್ತು. ಬಲವಿಲ್ಲದ ಗುದ್ದು. ಹಿಂದೆಯೇ ಇನ್ನೊಂದು. ನೋಡಿದರೆ ಮಗಳು. ಕೈಯಲ್ಲಿ ಗ್ಲೌಸ್, ಕಾಲು ಗಡಗಡ ನಡುಗುತ್ತಿವೆ, ಆದರೂ ನಿಂತಿದ್ದಾಳೆ.

"ಯಾರಪ್ಪಾ ಸಾಯೋದು? ಹೇಳು! ಯಾರು ಸಾಯೋದು?" ಮಾತಿಗೊಂದು ಗುದ್ದು.

ಸ್ಟ್ಯಾಂಡ್ ಕೈ ಜಾರಿತು. ಅವನು ಮ್ಯಾಟ್ ನೋಡಿದ, ಮಗಳ ಕಾಲು ನೋಡಿದ. "ನಿನ್ನ ಎಬ್ಬಿಸಿದ್ದು ಯಾರೇ?"

"ಯಾರೂ ಇಲ್ಲ" ಅಂದಳು ಹುಡುಗಿ, ಇನ್ನೊಂದು ಗುದ್ದು ಹಾಕಿ.

ರೋಗಿಯ ಅಪ್ಪನ ಮೇಲೆ ಕೈ ಮಾಡಿದವಳು ಬೇಡ ಅಂತ ಆಸ್ಪತ್ರೆಯವರು ಗುದ್ದಕ್ಕನನ್ನು ಅವತ್ತೇ ಕೆಲಸದಿಂದ ತೆಗೆದರು. ಅವಳು ಗೇಟಿನ ಕಟ್ಟೆ ಮೇಲೆ ತುಟಿಗೆ ಬಟ್ಟೆ ಒತ್ತಿಕೊಂಡು ಕೂತಿದ್ದಾಗ ಅವನು ಎದುರಿಗೆ ಬಂದು ನಿಂತ. ಮೂಗಿಗೆ ಬ್ಯಾಂಡೇಜು, ಕಂಕುಳಲ್ಲಿ ಅವಳ ಪ್ಯಾಡು. ಗುದ್ದಕ್ಕ ಮುಷ್ಟಿ ಬಿಗಿದು ಎದ್ದಳು.

"ಹೊಡೀಬೇಕಂದ್ರೆ ಹೊಡೀರಿ ಅಕ್ಕಾ, ಬೇಡ ಅನ್ನಲ್ಲ" ಅಂದ. "ಅದಕ್ಕೆ ಮುಂಚೆ ಇದನ್ನ ಹೆಂಗೆ ಹಿಡಿಯೋದು ತೋರಿಸ್ಕೊಡಿ. ನಾಳೆಯಿಂದ ಅವಳು ಯಾರಿಗೆ ಗುದ್ದಬೇಕು?"